ಎತ್ತೋದು ಸುಲಭ, ಹಿಡಿದಿಡೋದು ಕಷ್ಟ: ಕೋಲಾರದ ಶೆಡ್ಡಿಗೆ ಕಾರ್ ಲಿಫ್ಟ್ ಬಂದ ಕಥೆ

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇತಿಹಾಸದ ಪಾಡ್‌ಕಾಸ್ಟ್‌ನಲ್ಲಿ ಕಾರ್ ಲಿಫ್ಟ್ ಬಗ್ಗೆ ಯಾಕಪ್ಪಾ ಮಾತು ಅಂತ. ಆದ್ರೆ ಕಳೆದ ಕೆಲವು ತಿಂಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರ್ತಾನೇ ಇದೆ. ಕೋಲಾರದಲ್ಲಿ ಟೊಮ್ಯಾಟೊ ಹೊಡೆಯೋ ಪಿಕಪ್ ಇಟ್ಟುಕೊಂಡವರು, ಶ್ರೀನಿವಾಸಪುರದಲ್ಲಿ ಮಾವಿನ ಸೀಜನ್ ಮುಗಿದ ಮೇಲೆ ಗಾಡಿಯನ್ನ ಮನೆ ಮುಂದೆ ನಿಲ್ಲಿಸೋರು, ಮಾಲೂರಲ್ಲಿ ಹಳೇ ಮಾರುತಿ 800 ರಿಪೇರಿ ಮಾಡೋ ಹುಚ್ಚಿರೋ ಹುಡುಗ್ರು, ಎಲ್ಲರದ್ದೂ ಒಂದೇ ಪ್ರಶ್ನೆ: "ಮನೆ ಶೆಡ್ಡಲ್ಲೇ ಒಂದು ಲಿಫ್ಟ್ ಹಾಕ್ಸಿದ್ರೆ ಹೆಂಗೆ? ಯಾವುದು ತಗೊಳ್ಳೋದು?"

ಫೋನಲ್ಲಿ ಹುಡುಕಿದ್ರೆ ಜಾಹೀರಾತು ಸಾಲುಸಾಲು ಬರುತ್ತೆ. ನಾಲ್ಕು ಟನ್, ಎರಡು ಕಂಬ, ಕತ್ತರಿ ಲಿಫ್ಟ್, ಇಎಂಐ ಇದೆ, ಫಿಟ್ಟಿಂಗ್ ಫ್ರೀ. ಎಲ್ಲರೂ ಹೇಳೋದು ಒಂದೇ ಮಾತು, ಎಷ್ಟು ತೂಕ ಎತ್ತುತ್ತೆ ಅಂತ. ನನಗನ್ನಿಸೋದು, ಆ ಪ್ರಶ್ನೆಯೇ ಅರ್ಧ ತಪ್ಪು. ಎತ್ತೋದು ಮನುಷ್ಯನಿಗೆ ಯಾವತ್ತೋ ಗೊತ್ತಿತ್ತು. ಎತ್ತಿದ್ದನ್ನ ಮೇಲೇ ಹಿಡಿದು ಇಡೋದು, ಅದರ ಕೆಳಗೆ ಒಬ್ಬ ಮನುಷ್ಯ ಧೈರ್ಯವಾಗಿ ನಿಲ್ಲೋ ಹಾಗೆ ಮಾಡೋದು, ಅದಕ್ಕೇ ಇಷ್ಟು ಕಾಲ ಹಿಡಿದಿದ್ದು. ಆ ಕಥೆ ಗೊತ್ತಾದ್ರೆ ಯಾವ ಲಿಫ್ಟ್ ಅನ್ನೋ ಪ್ರಶ್ನೆ ತಾನಾಗೇ ಚಿಕ್ಕದಾಗುತ್ತೆ.

ಎತ್ತಿನ ಗಾಡಿಯಿಂದ ಶುರು ಮಾಡೋಣ. ನಿಮ್ಮ ಅಜ್ಜನ ಹತ್ರ ಕೇಳಿ, ಕೀಲೆಣ್ಣೆ ಅಂದ್ರೆ ಏನು ಅಂತ. ಗಾಡಿ ಚಕ್ರ ಮತ್ತು ಅಚ್ಚು ಉಜ್ಜಿ ಸವೆಯದ ಹಾಗೆ ಹಚ್ಚೋ ಕಪ್ಪು ಎಣ್ಣೆ. ಅದನ್ನ ಹಚ್ಚಬೇಕಂದ್ರೆ ಕಡಾಣಿ ಕಿತ್ತು ಚಕ್ರವನ್ನ ಹೊರಗೆ ಎಳೀಬೇಕು. ಚಕ್ರ ಎಳೀಬೇಕಂದ್ರೆ ಗಾಡಿ ಎತ್ತಬೇಕು. ಇಬ್ಬರು ಭುಜ ಕೊಟ್ಟು ಎತ್ತಿದ್ರೆ ಸಾಕು, ಖಾಲಿ ಗಾಡಿ ಏಳುತ್ತೆ. ಆದ್ರೆ ಎಣ್ಣೆ ಹಚ್ಚೋವರೆಗೂ ಯಾರೂ ಭುಜ ಕೊಟ್ಟು ನಿಂತಿರಲ್ಲ. ಎತ್ತಿದ ಕೂಡಲೇ ಅಚ್ಚಿನ ಕೆಳಗೆ ಗಟ್ಟಿ ಮರದ ಊರೆ ಕೊಡ್ತಾರೆ, ಇನ್ನೊಂದು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಇಡ್ತಾರೆ. ಆಮೇಲೇನೇ ಕಡಾಣಿಗೆ ಕೈ ಹಾಕೋದು. ಎತ್ತೋಕೆ ಭುಜ, ಹಿಡಿಯೋಕೆ ಮರ. ಎರಡು ಬೇರೆ ಬೇರೆ ಕೆಲಸ, ಎರಡಕ್ಕೂ ಬೇರೆ ಬೇರೆ ಸಾಮಾನು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮಾತು ಸ್ಟೀಲಲ್ಲಿ ಬರುತ್ತೆ.

(ಗಾಡಿ ಅಂದಾಗ ಒಂದು ಪಕ್ಕದ ಮಾತು. ಮುಳಬಾಗಿಲಿನ ಡಿ.ವಿ.ಜಿ. ಪತ್ರಕರ್ತರಾಗೋ ಮುಂಚೆ ಬೆಂಗಳೂರಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯೋ ಕಾರ್ಖಾನೆಯಲ್ಲಿ ಸ್ವಲ್ಪ ದಿನ ಕೆಲಸ ಮಾಡಿದ್ರು. ನಮ್ಮ ಜಿಲ್ಲೆಯ ದೊಡ್ಡ ಸಾಹಿತಿಗೂ ಗಾಡಿ ಶೆಡ್ಡಿನ ವಾಸನೆ ಗೊತ್ತಿತ್ತು ಅಂತ ನನಗೆ ಖುಷಿ.)

ಮೋಟಾರು ಗಾಡಿ ಬಂದ ಮೇಲೆ ಭುಜ ಸಾಲಲಿಲ್ಲ, ಜಾಕಿ ಬಂತು. ಜೊತೆಗೆ ಸ್ಟೆಪ್ನಿನೂ ಬಂತು. ಈ ಸ್ಟೆಪ್ನಿ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆಥ್ಲಿ ಅಂತ ಒಂದು ಊರು. ಅಲ್ಲಿನ ಸ್ಟೆಪ್ನಿ ಸ್ಟ್ರೀಟ್‌ನಲ್ಲಿ ಸುಮಾರು 1904ರಲ್ಲಿ ಬಿಡಿ ಚಕ್ರ ಮಾಡೋ ವ್ಯಾಪಾರ ಶುರುವಾಯ್ತು. ಆ ಬೀದಿ ಹೆಸರೇ ಕಂಪನಿ ಹೆಸರಾಯ್ತು, ಕಂಪನಿ ಹೆಸರೇ ನಮ್ಮ ಪಂಕ್ಚರ್ ಅಂಗಡಿ ಭಾಷೆ ಆಯ್ತು. ಇಂಗ್ಲೆಂಡಲ್ಲಿ ಇವತ್ತು ಆ ಪದ ಹೇಳಿದ್ರೆ ಹೆಚ್ಚಿನವರಿಗೆ ಅರ್ಥ ಆಗಲ್ಲ. ಮುಳಬಾಗಿಲು ಹೈವೇಲಿ ರಾತ್ರಿ ಎರಡು ಗಂಟೆಗೆ ಹೇಳಿದ್ರೂ ಅರ್ಥ ಆಗುತ್ತೆ.

ಜಾಕಿಯಲ್ಲಿ ಎರಡು ಜಾತಿ. ಒಂದು ಸ್ಕ್ರೂ ಜಾಕಿ, ತಿರುಗಿಸಿದಷ್ಟು ಏಳುತ್ತೆ, ಬಿಟ್ರೆ ಅಲ್ಲೇ ನಿಲ್ಲುತ್ತೆ. ಇನ್ನೊಂದು ಎಣ್ಣೆ ಜಾಕಿ, ಅಂದ್ರೆ ಹೈಡ್ರಾಲಿಕ್. ಇದರ ಹಿಂದಿರೋದು ನಾವು ಹೈಸ್ಕೂಲಲ್ಲಿ ಓದಿ ಮರೆತ ಪಾಸ್ಕಲ್ ನಿಯಮ, 17ನೇ ಶತಮಾನದ್ದು. ಅದನ್ನ ಯಂತ್ರಕ್ಕೆ ಇಳಿಸಿದ್ದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ, 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ತಗೊಂಡ. ಲೆಕ್ಕ ಸುಲಭ. 1 ಚದರ ಸೆಂ.ಮೀ. ಇರೋ ಚಿಕ್ಕ ಪಿಸ್ಟನ್ ಮೇಲೆ 10 ಕೆ.ಜಿ. ಒತ್ತಿದ್ರೆ, 100 ಚದರ ಸೆಂ.ಮೀ. ಇರೋ ದೊಡ್ಡ ಪಿಸ್ಟನ್ 1000 ಕೆ.ಜಿ. ಎತ್ತುತ್ತೆ. ಆದ್ರೆ ಪುಕ್ಕಟೆ ಏನಿಲ್ಲ. ಆ ಕಡೆ 1 ಸೆಂ.ಮೀ. ಏಳಬೇಕಂದ್ರೆ ಈ ಕಡೆ 100 ಸೆಂ.ಮೀ. ತಳ್ಳಬೇಕು. ಅದಕ್ಕೇ ಜಾಕಿ ಹ್ಯಾಂಡಲ್ ಹೊಡೆದು ಹೊಡೆದು ಕೈ ನೋಯೋದು.

ಇಲ್ಲೇ ಅಪಾಯನೂ ಇದೆ. ಆ ಸಾವಿರ ಕೆ.ಜಿ. ನಿಂತಿರೋದು ಎಣ್ಣೆ ಮೇಲೆ. ಎಣ್ಣೆ ನಿಂತಿರೋದು ಒಂದು ರಬ್ಬರ್ ಸೀಲ್ ಮೇಲೆ. ಸೀಲ್ ಹೋಯ್ತು ಅಂದ್ರೆ ಕಾರ್ ಹೇಳಿ ಕೇಳಿ ಇಳಿಯಲ್ಲ. ಜಾಕಿ ಇರೋದು ಚಕ್ರ ಬದಲಿಸೋಕೆ, ಕೆಳಗೆ ಮಲಗೋಕಲ್ಲ. ಎಲ್ಲ ಕಾರ್ ಕೈಪಿಡಿಯಲ್ಲೂ ಇದನ್ನ ಬರೆದಿರ್ತಾರೆ, ಆದ್ರೂ ನಮ್ಮ ಕಡೆ ಏನು ಮಾಡ್ತಾರೆ? ಜಾಕಿಯಲ್ಲಿ ಎತ್ತಿ, ಪಕ್ಕದಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ, ಕೆಳಗೆ ನುಗ್ತಾರೆ. ಮಾಲೂರು ಇಟ್ಟಿಗೆಗೂ ಹೆಂಚಿಗೂ ಹೆಸರುವಾಸಿ, ಒಪ್ತೀನಿ. ಆದ್ರೆ ಇಟ್ಟಿಗೆ ಇರೋದು ಗೋಡೆಗೆ. ಗೋಡೆಯಲ್ಲಿ ಭಾರ ಇಡೀ ಮೇಲ್ಮೈಗೆ ಹಂಚಿಕೊಳ್ಳುತ್ತೆ. ಕಾರಿನ ಅಚ್ಚು ಒಂದೇ ಜಾಗದಲ್ಲಿ ಕೂತು ಒತ್ತುತ್ತೆ. ಇಟ್ಟಿಗೆ ಬಗ್ಗಲ್ಲ, ಮುಂಚೆ ಸೂಚನೆ ಕೊಡಲ್ಲ, ಒಂದೇ ಸಲ ಪುಡಿಯಾಗುತ್ತೆ. ಟೊಳ್ಳು ಸಿಮೆಂಟ್ ಬ್ಲಾಕ್ ಇನ್ನೂ ಕೆಟ್ಟದ್ದು. ನಿಮ್ಮಜ್ಜನ ಮರದ ಊರೆ ಇವೆರಡಕ್ಕಿಂತ ವಾಸಿ. ಮರ ಮುರಿಯೋ ಮುಂಚೆ ಕಿರಗುಟ್ಟುತ್ತೆ.

ಜಾಕಿಯ ಈ ತೊಂದರೆಗೆ ಮೊದಲ ಉತ್ತರ ಗಾಡಿ ಎತ್ತೋದಲ್ಲ, ಮನುಷ್ಯ ಇಳಿಯೋದು. ಗುಂಡಿ. ಕೆಎಸ್‌ಆರ್‌ಟಿಸಿ ಡಿಪೋಗೆ ಹೋಗಿ ನೋಡಿ, ಬಸ್ಸಿನ ಕೆಳಗೆ ಉದ್ದುದ್ದ ಗುಂಡಿ, ಅದರೊಳಗೆ ಮೆಕ್ಯಾನಿಕ್ ನಿಂತು ಮೇಲೆ ನೋಡ್ಕೊಂಡು ಕೆಲಸ ಮಾಡ್ತಿರ್ತಾರೆ. ಗಾಡಿ ನೆಲದ ಮೇಲೇ ಇದೆ, ಬೀಳೋ ಮಾತೇ ಇಲ್ಲ. ತುಂಬಾ ಜನ ನನಗೆ ಕೇಳಿದ್ದಾರೆ, ಲಿಫ್ಟ್ ಬದಲು ಗುಂಡಿ ತೋಡಿಸಿದ್ರೆ ದುಡ್ಡು ಉಳಿಯಲ್ವಾ ಅಂತ. ಬೇರೆ ಊರಲ್ಲಿ ಇರಬಹುದು. ನಮ್ಮ ಜಿಲ್ಲೆಯಲ್ಲಿ ಮೂರು ಅಡಿ ಅಗೆದ್ರೆ ಎಷ್ಟೋ ಕಡೆ ಬಂಡೆ. ಇನ್ನೊಂದು ಹೊಸ ವಿಷಯ ನೀರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರ್ತಿದೆ. ಕೆರೆ ಕೆಳಗಿನ ಊರಲ್ಲಿ ಮನೆ ಇದ್ರೆ, ಒಣಗಿದ ಕಾಲದ ಲೆಕ್ಕದಲ್ಲಿ ಗುಂಡಿ ತೋಡಬೇಡಿ.

ಇವೆರಡಕ್ಕಿಂತ ದೊಡ್ಡದು ಗಾಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿ ತಳಕ್ಕೆ ಇಳಿದು ಅಲ್ಲೇ ಕೂರುತ್ತೆ. ಎಲ್‌ಪಿಜಿ ಗಾಡಿ ಆದ್ರೂ ಅಷ್ಟೇ. ಒಂದು ಹಳೇ ಹ್ಯಾಂಡ್ ಲ್ಯಾಂಪ್‌ನ ವೈರ್ ಕಿಡಿ ಸಾಕು. ಡಿಪೋದಲ್ಲಿ ಡೀಸೆಲ್ ಬಸ್, ತೆರೆದ ದೊಡ್ಡ ಶೆಡ್, ಅಲ್ಲಿಯ ಲೆಕ್ಕ ಬೇರೆ. ಮನೆಯ ಹತ್ತು ಅಡಿ ಶೆಡ್ಡು, ಪೆಟ್ರೋಲ್ ಕಾರು, ಆಟ ಆಡೋ ಮಕ್ಕಳು, ಇದರ ಮಧ್ಯೆ ಐದು ಅಡಿ ಗುಂಡಿ ನನಗಂತೂ ಬೇಡ.

ಹಾಗಾದ್ರೆ ಎತ್ತಲೇಬೇಕು. ಭಾರ ಎತ್ತೋದು, ಜೀವ ನಂಬಿ ಅದರ ಜೊತೆ ಇರೋದು, ಈ ವಿಷಯದಲ್ಲಿ ಕೋಲಾರ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. ಇಡೀ ದೇಶದಲ್ಲಿ ಇದನ್ನ ದಿನಾ, ಸಾವಿರಾರು ಜನ, ನೂರು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಊರು ಇಲ್ಲೇ ಇದೆ. ಕೆಜಿಎಫ್.

ಯಶ್ ಸಿನಿಮಾ ಬಿಡಿ, ನಿಜವಾದ ಕೆಜಿಎಫ್ ಬಗ್ಗೆ ಹೇಳ್ತೀನಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಗಣಿ ಕೆಳಗೆ ಕೆಳಗೆ ಹೋಗ್ತಾನೇ ಇತ್ತು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿ.ಮೀ.ಗೂ ಹೆಚ್ಚು ಆಳ ತಲುಪಿತು. ಅಷ್ಟು ಆಳಕ್ಕೆ ಮೆಟ್ಟಿಲು ಇಳಿದು ಹೋಗೋಕಾಗುತ್ತಾ? ಜನ, ಅದಿರು, ಸಾಮಾನು, ಎಲ್ಲ ಉಕ್ಕಿನ ಹಗ್ಗಕ್ಕೆ ಕಟ್ಟಿದ ಪಂಜರದಲ್ಲೇ ಇಳೀಬೇಕು, ಏರಬೇಕು. ಗಣಿಗೆ ಬೇಕಾದ ಶಕ್ತಿಗಾಗಿಯೇ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿದ್ರು. 1902ರ ಜೂನ್‌ನಲ್ಲಿ ಸುಮಾರು 147 ಕಿ.ಮೀ. ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ಕೊಟ್ರು. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ. ಅಂದ್ರೆ ರಾಜಧಾನಿಗಿಂತ ಮೂರು ವರ್ಷ ಮುಂಚೆ ನಮ್ಮ ಜಿಲ್ಲೆಗೆ ಕರೆಂಟ್. ಇದನ್ನ ಬೆಂಗಳೂರಿನ ಸ್ನೇಹಿತರಿಗೆ ಹೇಳೋವಾಗ ನನಗೆ ಇವತ್ತಿಗೂ ಮಜಾ ಬರುತ್ತೆ.

ಈಗ ಯೋಚನೆ ಮಾಡಿ. ಪಂಜರದಲ್ಲಿ ನಿಂತವರ ತಲೆಯಲ್ಲಿ ಏನಿರುತ್ತೆ? ಈ ಹಗ್ಗ ಎಷ್ಟು ಟನ್ ಎತ್ತುತ್ತೆ ಅನ್ನೋದಲ್ಲ. ಹಗ್ಗ ಕಿತ್ತು ಹೋದ್ರೆ ಏನು ಅನ್ನೋದು.

ಈ ಪ್ರಶ್ನೆಗೆ ಜಗತ್ತಿಗೆ ಗೊತ್ತಾಗೋ ಹಾಗೆ ಉತ್ತರ ಕೊಟ್ಟಿದ್ದು ಅಮೆರಿಕದ ಎಲೀಶಾ ಓಟಿಸ್. ಅವನು ಮಂಚ ಮಾಡೋ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ. ಸಾಮಾನು ಮೇಲಿನ ಮಹಡಿಗೆ ಎತ್ತೋಕೆ ಹಲಗೆ ಲಿಫ್ಟ್ ಬೇಕಿತ್ತು, ಅದರ ಹಗ್ಗ ಕಿತ್ತರೆ ಅನ್ನೋ ಭಯನೂ ಇತ್ತು. ಅವನು ಮಾಡಿದ್ದೇನಂದ್ರೆ, ಲಿಫ್ಟ್ ಎರಡು ಬದಿಯ ಕಂಬಕ್ಕೆ ಗರಗಸದ ಥರ ಹಲ್ಲು ಕೂರಿಸಿದ. ಹಲಗೆ ಮೇಲ್ಗಡೆ ಕುದುರೆ ಗಾಡಿಯ ಸ್ಪ್ರಿಂಗ್ ಒಂದನ್ನ ಹಾಕಿದ. ಹಗ್ಗ ಬಿಗಿಯಾಗಿದ್ದಷ್ಟು ಹೊತ್ತು ಸ್ಪ್ರಿಂಗ್ ಬಾಗಿರುತ್ತೆ. ಹಗ್ಗ ಕಿತ್ತ ಕ್ಷಣ ಸ್ಪ್ರಿಂಗ್ ನೆಟ್ಟಗಾಗಿ, ಅದರ ತುದಿ ಹೋಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಅವನೇ ಹಲಗೆ ಮೇಲೆ ನಿಂತು, ಎಲ್ಲರ ಮುಂದೆ ಹಗ್ಗ ಕತ್ತರಿಸೋಕೆ ಹೇಳಿದ. ಹಲಗೆ ಸ್ವಲ್ಪ ಜಾರಿ ನಿಂತ್ಕೊಂತು. ನೋಡಿ, ಲಿಫ್ಟನ್ನ ನಂಬೋ ಹಾಗೆ ಮಾಡಿದ್ದು ಮೋಟಾರಲ್ಲ, ಗಾಡಿಯ ಒಂದು ಸ್ಪ್ರಿಂಗ್ ಮತ್ತು ಹಲ್ಲಿನ ಸಾಲು.

ಗಣಿಗಳು ಇನ್ನೂ ಒಂದು ಪಾಠ ಕಲಿತವು: ಹಗ್ಗ ಕೀಳೋವರೆಗೂ ಕಾಯಬಾರದು. ಗಣಿ ನಿಯಮದ ಪ್ರಕಾರ ಹಗ್ಗವನ್ನ ನಿಯತವಾಗಿ ಪರೀಕ್ಷಿಸಬೇಕು, ಸವೆಯೋ ತುದಿಯನ್ನ ಆಗಾಗ ಕತ್ತರಿಸಿ ಹೊಸದಾಗಿ ಕಟ್ಟಬೇಕು, ಅವಧಿ ಮುಗಿದ ಮೇಲೆ ಚೆನ್ನಾಗಿ ಕಂಡ್ರೂ ತೆಗೆದು ಹಾಕಬೇಕು, ಎಲ್ಲವನ್ನೂ ಪುಸ್ತಕದಲ್ಲಿ ಬರೀಬೇಕು. ನಾನು ಓದಿದ್ದು ಬಿಕಾಂ, ನನಗೆ ಪುಸ್ತಕ ಬರೆಯೋದು ಅಂದ್ರೆ ಗೌರವ. ಚಿನ್ನದ ಗಣಿ ಅಂದ್ರೆ ಎಲ್ಲರಿಗೂ ಚಿನ್ನ ನೆನಪಾಗುತ್ತೆ, ನನಗೆ ಆ ಹಗ್ಗದ ಲೆಕ್ಕದ ಪುಸ್ತಕ ನೆನಪಾಗುತ್ತೆ. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು, ಗಣಿ ಶಾಫ್ಟ್‌ಗಳ ಮೇಲಿನ ಕಬ್ಬಿಣದ ಗೋಪುರಗಳು ಇನ್ನೂ ಕೆಲವು ನಿಂತಿವೆ. ಆ ಕಡೆ ಹೋದಾಗ ಮೇಲಿನ ರಾಟೆ ನೋಡಿ.

ಇಷ್ಟೆಲ್ಲ ಆದ್ರೂ ಕಾರಿಗೆ ಲಿಫ್ಟ್ ಬಂದಿದ್ದು ತಡವಾಗಿ. ಯಾಕೆ? ಕಾರೇ ಇರಲಿಲ್ಲ. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂದು, 1927ರ ಹೊತ್ತಿಗೆ 1.5 ಕೋಟಿ ಕಾರು ತಯಾರಾದ ಮೇಲೆ ಅಮೆರಿಕದ ಬೀದಿ ಬೀದಿಯಲ್ಲಿ ಗ್ಯಾರೇಜು. ಆಗಿನ ಕಾರಿಗೆ ಆಗಾಗ ಕೆಳಗಿಂದ ಗ್ರೀಸ್ ಹೊಡೀಬೇಕಿತ್ತು, ನಮ್ಮ ಕೀಲೆಣ್ಣೆ ಥರಾನೇ. ಟೆನ್ನೆಸ್ಸೀ ರಾಜ್ಯದ ಮೆಂಫಿಸ್‌ನಲ್ಲಿ ಪೀಟರ್ ಲುನಾಟಿ ಅನ್ನೋ ಮೆಕ್ಯಾನಿಕ್‌ಗೆ ಉಪಾಯ ಹೊಳೆದಿದ್ದು ಕಟಿಂಗ್ ಶಾಪಿನ ಕುರ್ಚಿ ನೋಡಿ. ಪೆಡಲ್ ಒತ್ತಿದ್ರೆ ಏಳುತ್ತೆ, ತಿರುಗಿಸಿದ್ರೆ ತಿರುಗುತ್ತೆ. ಮನುಷ್ಯನನ್ನ ಎತ್ತೋ ಕುರ್ಚಿ ಕಾರನ್ನ ಯಾಕೆ ಎತ್ತಬಾರದು? 1925ರಲ್ಲಿ ಅವನಿಗೆ ಪೇಟೆಂಟ್ ಸಿಕ್ತು. ನೆಲದೊಳಗೆ ಹೂತಿಟ್ಟ ಒಂದೇ ಸಿಲಿಂಡರ್, ಮೇಲೆ ಕಾರು, ಬೇಕಾದ್ರೆ ಸುತ್ತಲೂ ತಿರುಗಿಸಬಹುದು. ಅದಕ್ಕೇ ಕಂಪನಿ ಹೆಸರು ರೋಟರಿ ಲಿಫ್ಟ್. ಇವತ್ತಿಗೂ ಆ ಹೆಸರಿನ ಲಿಫ್ಟ್ ಮಾರಾಟಕ್ಕಿದೆ.

ಈ ಒಂಟಿ ಕಂಬದ ಲಿಫ್ಟ್ ನಮ್ಮಲ್ಲೂ ಬಂತು. ಹಳೇ ಪೆಟ್ರೋಲ್ ಬಂಕ್‌ಗಳ ಪಕ್ಕದ ಸರ್ವೀಸ್ ಸ್ಟೇಷನ್, ಆಮೇಲೆ ಊರೂರಿನ ವಾಟರ್ ಸರ್ವೀಸ್ ಅಂಗಡಿ, ಅಲ್ಲಿ ಅಂಬಾಸಿಡರ್ ಮೇಲಕ್ಕೆ ಏಳೋದನ್ನ ಬಾಯಿ ಬಿಟ್ಟು ನೋಡಿದವರು ನಿಮ್ಮ ಮನೆಯಲ್ಲೇ ಇರ್ತಾರೆ. ನೀರು ಹೊಡೆಯೋಕೆ ಅದು ಸರಿ. ರಿಪೇರಿಗೆ ತೊಂದರೆ, ಯಾಕಂದ್ರೆ ಎಲ್ಲಿ ಕೈ ಹಾಕಬೇಕೋ ಅಲ್ಲೇ ಮಧ್ಯದಲ್ಲಿ ಕಂಬ ಅಡ್ಡ. ಸಿಲಿಂಡರ್ ನೆಲದೊಳಗೆ ತುಕ್ಕು ಹಿಡಿದು ಸೋರಿದ್ರೆ ಹೊರಗೆ ಕಾಣಲ್ಲ. ಆದ್ದರಿಂದ ಕಂಬ ಮಧ್ಯದಿಂದ ಬದಿಗೆ ಸರಿದವು. ಎರಡು ಬದಿಗೆ ಎರಡು ಕಂಬ, ನಾಲ್ಕು ಕೈ, ಕಾರಿನ ತಳ ಪೂರ್ತಿ ಖಾಲಿ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಕಂಪನಿ ಸರ್ವೀಸ್ ಸೆಂಟರ್ ಅನ್ನೋದು ನಮ್ಮ ಅಭ್ಯಾಸ ಆಯ್ತು, ಅಲ್ಲಿಂದ ಈ ಎರಡು ಕಂಬದ ಲಿಫ್ಟ್ ನಮ್ಮ ಕಣ್ಣಿಗೆ ಬಿತ್ತು. ಈಗ ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ಫ್ಯಾಕ್ಟರಿ ಇದೆ, ಕೆಜಿಎಫ್‌ನಲ್ಲಿ ಬಿಇಎಂಎಲ್ ಬುಲ್ಡೋಜರ್ ಮಾಡುತ್ತೆ. ಜಿಲ್ಲೆಯ ಹುಡುಗರಿಗೆ ಎತ್ತೋ ಯಂತ್ರ ಹೊಸದಲ್ಲ. ಹೊಸದು ಏನಂದ್ರೆ, ಅದು ಮನೆಗೆ ಬರ್ತಿರೋದು.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ಲಿಫ್ಟ್ ನೋಡೋ ಮುಂಚೆ ನಿಮ್ಮ ನೆಲ ನೋಡಿ. ಎರಡು ಕಂಬದ ಲಿಫ್ಟ್ ನಿಂತಿರೋದು ಕೆಳಗಿನ ಬೋಲ್ಟ್‌ಗಳ ಮೇಲೆ, ಆ ಬೋಲ್ಟ್ ಹಿಡಿದಿರೋದು ಕಾಂಕ್ರೀಟನ್ನ. ನಮ್ಮ ಕಡೆ ಹಳೇ ಶೆಡ್ಡು ಹೇಗಿರುತ್ತೆ? ಕಲ್ಲು ಕಂಬ, ಕಲ್ಲು ಚಪ್ಪಡಿ, ನೆಲಕ್ಕೂ ಚಪ್ಪಡಿ. ಕಲ್ಲು ಗಟ್ಟಿ ಅಲ್ವಾ ಅಂತ ನೀವು ಕೇಳಬಹುದು. ಕಲ್ಲು ಗಟ್ಟಿನೇ, ಆದ್ರೆ ಚಪ್ಪಡಿ ಮಣ್ಣಿನ ಮೇಲೆ ಬಿಡಿಬಿಡಿಯಾಗಿ ಕೂತಿದೆ. ಕಂಬ ಒಳಗೆ ವಾಲಿದ್ರೆ ಚಪ್ಪಡಿ ಜೊತೆಗೇ ಏಳುತ್ತೆ. ಕಂಪನಿ ಕೈಪಿಡಿಗಳು ಕಮ್ಮಿ ಅಂದ್ರೂ 100 ಮಿ.ಮೀ. ದಪ್ಪದ ಒಳ್ಳೆ ಕಾಂಕ್ರೀಟ್ ಕೇಳ್ತವೆ, ನಾಲ್ಕು ಟನ್ ಲಿಫ್ಟಿಗೆ 150ರಿಂದ 200 ಮಿ.ಮೀ. ಕೇಳೋದೇ ಹೆಚ್ಚು. ಅದನ್ನ ಹಾಕಿ 28 ದಿನ ನೀರುಣಿಸಿ ಬಲ ಬರೋವರೆಗೆ ಕಾಯಬೇಕು. ಫಿಟ್ಟಿಂಗ್‌ಗೆ ಬಂದವನು "ನೆಲ ಚೆನ್ನಾಗಿದೆ ಅಣ್ಣ, ಏನೂ ಆಗಲ್ಲ" ಅಂದ್ರೆ, ಒಂದು ಮೂಲೆಯಲ್ಲಿ ತೂತು ಹೊಡೆದು ದಪ್ಪ ಎಷ್ಟಿದೆ ತೋರಿಸು ಅಂತ ಕೇಳಿ. ಮುಖ ನೋಡ್ಕೊಂಡು ನಂಬೋ ವಿಷಯ ಅಲ್ಲ ಇದು.

ಆಮೇಲೆ ಮೇಲ್ಛಾವಣಿ. ಬೊಲೆರೊ ಥರದ ಗಾಡಿ ಎತ್ತರ ಸುಮಾರು 1.8 ಮೀಟರ್. ಕೆಳಗೆ ನೀವು ನಿಲ್ಲಬೇಕಂದ್ರೆ ಇನ್ನೊಂದು 1.8 ಮೀಟರ್. ಒಟ್ಟು 3.6, ಅಂದ್ರೆ 12 ಅಡಿ. ಮನೆಯ ಆರ್‌ಸಿಸಿ ರೂಫ್ 10 ಅಡಿ. ಮುಗೀತು ಲೆಕ್ಕ. ಶೀಟ್ ಹಾಕಿದ 14 ಅಡಿ ಶೆಡ್ ಇದ್ದವರು ಮಾತ್ರ ಪೂರ್ತಿ ಎತ್ತರದ ಲಿಫ್ಟ್ ಕನಸು ಕಾಣಬಹುದು. ಉಳಿದವರಿಗೆ ಕತ್ತರಿ ಲಿಫ್ಟ್ ಇದೆ. ಇದರಲ್ಲಿ ಸೊಂಟದ ಎತ್ತರದವರೆಗೆ, ಸುಮಾರು 1 ಮೀಟರ್ ಏಳೋ ಮಾದರಿಗಳಿವೆ. ಬ್ರೇಕು, ಟೈರು, ಸಸ್ಪೆನ್ಷನ್ನಿಗೆ ಅಷ್ಟೇ ಸಾಕು, ಸ್ಟೂಲ್ ಮೇಲೆ ಕೂತು ಮಾಡಬಹುದು. ಗೇರ್‌ಬಾಕ್ಸ್ ಇಳಿಸೋಕೆ ಮಾತ್ರ ಅದೇ ಅಡ್ಡ ಬರುತ್ತೆ.

ಎತ್ತೋ ಜಾಗ ಮುಖ್ಯ. ಬೊಲೆರೊ ಪಿಕಪ್‌ಗೆ ಚಾಸಿಸ್ ಇದೆ, ಅದಕ್ಕೇ ಕೈ ಕೊಡಬೇಕು. ಮಾರುತಿ 800ಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಬಾಗಿಲ ಕೆಳಗೆ ಕಂಪನಿ ಗುರುತು ಮಾಡಿದ ಜಾಗದಲ್ಲೇ ಎತ್ತಬೇಕು. ಹಳೇ ಕಾರಲ್ಲಿ ಅದೇ ಜಾಗ ತುಕ್ಕು ತಿಂದಿರುತ್ತೆ. ಲಿಫ್ಟ್ ನಾಲ್ಕು ಟನ್ನಿನದ್ದಿರಬಹುದು, ನಿಮ್ಮ ಕಾರಿನ ತಳ ಅಪ್ಪಳದ ಥರ ಇದ್ರೆ ಏನು ಪ್ರಯೋಜನ?

ಕರೆಂಟ್ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಬೋರ್‌ವೆಲ್ ಮೋಟಾರ್ ಓಡಿಸೋ ನಮಗೆ ತ್ರೀ-ಫೇಸ್ ಕರೆಂಟಿನ ಆಟ ಗೊತ್ತು. ಸಿಂಗಲ್ ಫೇಸ್ ಮೋಟಾರ್ ಇರೋ ಲಿಫ್ಟೂ ಸಿಗುತ್ತೆ, ಹಳ್ಳಿ ಮನೆಗೆ ಅದೇ ಸರಿ. ಆದ್ರೆ ಮುಖ್ಯ ವಿಷಯ ಬೇರೆ ಇದೆ. ಲಾಕ್ ಮೇಲೆ ಕೂತ ಕಾರನ್ನ ಇಳಿಸಬೇಕಂದ್ರೆ ಮೊದಲು ಸ್ವಲ್ಪ ಮೇಲೆತ್ತಿ ಲಾಕ್ ಬಿಡಿಸಬೇಕು. ಅದಕ್ಕೆ ಕರೆಂಟ್ ಬೇಕು. ಮಾವಿನ ಸೀಜನಲ್ಲಿ ಪಿಕಪ್ ಮೇಲೆ ನಿಂತಿದೆ, ಮಂಡಿಗೆ ಲೋಡ್ ಹೋಗಬೇಕು, ಕರೆಂಟ್ ಹೋಯ್ತು. ಕೈ ಪಂಪ್ ಇರೋ ಮಾದರಿನಾ ಅಂತ ಕೊಳ್ಳೋ ಮುಂಚೆ ಕೇಳಿ.

ಕೊನೆಗೆ ಉಳಿದಿದ್ದು ಓಟಿಸ್‌ನ ಹಲ್ಲು. ಒಳ್ಳೆ ಲಿಫ್ಟ್ ಏರುವಾಗ ಟಕ್ ಟಕ್ ಅಂತ ಸದ್ದು ಬರುತ್ತಲ್ಲ, ಅದು ಕಂಬದೊಳಗೆ ಲಾಕ್ ಒಂದೊಂದೇ ಹಲ್ಲು ದಾಟೋ ಸದ್ದು. ಬೇಕಾದ ಎತ್ತರಕ್ಕೆ ಬಂದ ಮೇಲೆ ಕಾರನ್ನ ಸ್ವಲ್ಪ ಇಳಿಸಿ ಆ ಹಲ್ಲಿನ ಮೇಲೆ ಕೂರಿಸಬೇಕು. ಆಗ ಭಾರ ಎಣ್ಣೆಯಿಂದ ಕಬ್ಬಿಣಕ್ಕೆ ಹೋಗುತ್ತೆ. ಭುಜದಿಂದ ಮರಕ್ಕೆ ಹೋದ ಹಾಗೆ. ತುಂಬಾ ಜನ ಸೋಮಾರಿತನಕ್ಕೆ ಈ ಕೊನೆಯ ಹೆಜ್ಜೆ ಬಿಡ್ತಾರೆ, ಎಣ್ಣೆ ಮೇಲೇ ನಿಲ್ಲಿಸಿ ಕೆಳಗೆ ಹೋಗ್ತಾರೆ. ಆ ಲಿಫ್ಟಿಗೂ ಹಳೇ ಜಾಕಿಗೂ ಆಮೇಲೆ ವ್ಯತ್ಯಾಸ ಇಲ್ಲ, ಎತ್ತರ ಮಾತ್ರ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದ್ರೆ, ನಿಮ್ಮಲ್ಲಿ ಅರ್ಧ ಜನಕ್ಕೆ ಲಿಫ್ಟೇ ಬೇಡ. ವರ್ಷಕ್ಕೆ ನಾಲ್ಕು ಸಲ ಆಯಿಲ್ ಬದಲಿಸೋಕೆ, ಬ್ರೇಕ್ ನೋಡೋಕೆ, ಒಂದು ಒಳ್ಳೆ ಟ್ರಾಲಿ ಜಾಕಿ ಮತ್ತು ನಾಲ್ಕು ಉಕ್ಕಿನ ಜಾಕ್ ಸ್ಟ್ಯಾಂಡ್ ಸಾಕು. ಬಿಕಾಂ ಬುದ್ಧಿಯಲ್ಲಿ ಹೇಳೋದಾದ್ರೆ, ಬಳಸದೇ ನಿಂತ ಯಂತ್ರ ಸವಕಳಿ ಮಾತ್ರ ಬರೆಯುತ್ತೆ. ದಿನಾ ಕೆಲಸ ಇರೋರು, ನಾಲ್ಕೈದು ಪಿಕಪ್ ಇಟ್ಟಿರೋರು, ಹೊಸ ಶೆಡ್ ಕಟ್ಟಿಸ್ತಿದ್ರೆ ನೆಲ ಹಾಕಿಸೋವಾಗಲೇ ಎರಡು ಕಂಬಕ್ಕೆ ಜಾಗ ಬಿಡಿ. ಹಳೇ ಶೆಡ್ ಇದ್ದವರು ಕತ್ತರಿ ಲಿಫ್ಟ್ ನೋಡಿ. ಮುಚ್ಚಿದ ಶೋರೂಮಿನ ಸೆಕೆಂಡ್ ಹ್ಯಾಂಡ್ ಎರಡು ಕಂಬದ್ದು ಅಗ್ಗಕ್ಕೆ ಸಿಕ್ತು ಅಂತ ತರೋರಿಗೆ ಎರಡೇ ಮಾತು: ಹಳೇ ಬೋಲ್ಟ್ ಮತ್ತೆ ಬಳಸಬೇಡಿ, ಎರಡು ಕಂಬವನ್ನ ಸಮ ಏರಿಸೋ ಒಳಗಿನ ಉಕ್ಕಿನ ಹಗ್ಗವನ್ನ ಕಣ್ಣು ಮುಚ್ಚಿಕೊಂಡು ಬದಲಿಸಿ.

ಒಂದು ಕಾನೂನು ವಿಷಯ ಇದೆ, ಅದನ್ನ ಹೇಳಿ ನಿಲ್ಲಿಸ್ತೀನಿ. 2025ರವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರೀಸ್ ಆಕ್ಟಿನ 29ನೇ ಸೆಕ್ಷನ್ ಪ್ರಕಾರ ಭಾರ ಎತ್ತೋ ಯಂತ್ರ, ಚೈನು, ಹಗ್ಗ ಇವನ್ನ 12 ತಿಂಗಳಿಗೊಮ್ಮೆಯಾದ್ರೂ ಅರ್ಹ ವ್ಯಕ್ತಿ ಪೂರ್ತಿ ಪರೀಕ್ಷಿಸಬೇಕಿತ್ತು, ಪುಸ್ತಕದಲ್ಲಿ ಬರೀಬೇಕಿತ್ತು, ಎಷ್ಟು ಭಾರ ಹಾಕಬಹುದು ಅಂತ ಯಂತ್ರದ ಮೇಲೇ ಗುರುತು ಮಾಡಬೇಕಿತ್ತು. ಆದ್ರೆ ಆ ಆಕ್ಟು ಫ್ಯಾಕ್ಟರಿ ಅಂತ ಕರೆದಿದ್ದು ಕರೆಂಟ್ ಬಳಸಿ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಜಾಗವನ್ನ. 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನ ಇಪ್ಪತ್ತಕ್ಕೆ ಏರಿಸಿತು. ರಸ್ತೆ ಬದಿಯ ಮೂರು ಜನದ ಗ್ಯಾರೇಜು, ನಿಮ್ಮ ಮನೆ ಶೆಡ್ಡು, ಎರಡೂ ಇದರ ಹೊರಗೆ. ಗಣಿಯ ಹಗ್ಗ ನೋಡೋಕೆ ಒಬ್ಬ ಇದ್ದ, ಅವನ ಮೇಲೆ ಇನ್ಸ್‌ಪೆಕ್ಟರ್ ಇದ್ದ. ನಿಮ್ಮ ಲಿಫ್ಟ್ ನೋಡೋಕೆ ಯಾರೂ ಬರಲ್ಲ.

ಅದಕ್ಕೆ ಲಿಫ್ಟ್ ಜೊತೆ ಒಂದು ಇಪ್ಪತ್ತು ರೂಪಾಯಿ ನೋಟ್‌ಬುಕ್ ತಗೊಳ್ಳಿ, ಕಂಬಕ್ಕೆ ದಾರದಲ್ಲಿ ಕಟ್ಟಿ. ಬೋಲ್ಟ್ ಬಿಗಿ ನೋಡಿದ ದಿನ, ಎಣ್ಣೆ ಹಾಕಿದ ದಿನ, ಹಗ್ಗ ಬದಲಿಸಿದ ದಿನ, ತಾರೀಕು ಹಾಕಿ ಬರೀರಿ. ಕಾರ್ ಎತ್ತಿದಾಗ ಎರಡೂ ಕಂಬದಿಂದ ಟಕ್ ಅನ್ನೋ ಸದ್ದು ಬಂತಾ ಕೇಳಿಸಿಕೊಳ್ಳಿ. ಒಂದೇ ಕಡೆ ಬಂದ್ರೆ ಇಳಿಸಿ.

ಮುಂದಿನ ಸಂಚಿಕೆಯಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ತಂತಿ ಎಳೆದವರ ಕಥೆ. ಸಿಗೋಣ.